ಚಳಿಗೆ ಏಳದ ಕೋರ್

ಅತ್ತೆ ಮುಚ್ಚಿದ ಕಿಟಕಿಯನ್ನು ಮಗಳು ಮತ್ತೆ ತೆರೆದಳು. ಹೊರಗಿನ ಗಾಳಿ ನುಗ್ಗಿ, ಅಪ್ಪನ ಮೇಲೆ ಹೊದಿಸಿದ್ದ ಬಿಳಿ ಬಟ್ಟೆಯ ಅಂಚು ಅಲುಗಿತು. ಬೆಳಗಿನಿಂದ ಇದೇ ಆಗಿತ್ತು, ಒಬ್ಬರು ಮುಚ್ಚುವುದು, ಇನ್ನೊಬ್ಬರು ತೆರೆಯುವುದು.

"ಬಂದವರು ಗಡಗಡ ನಡುಗ್ತಿದಾರೆ ಕಣೇ. ಸತ್ತವನಿಗೆ ಚಳಿ ಇಲ್ಲ ಸರಿ, ಬದುಕಿರೋರಿಗೆ ಇದೆ," ಎಂದಳು ಅತ್ತೆ, ಅಪ್ಪನ ಅಕ್ಕ.

"ಇನ್ನು ಸ್ವಲ್ಪ ಹೊತ್ತು ಅತ್ತೆ. ಅಪ್ಪನ ಮ್ಯಾನೇಜರ್ ಬರೋ ತನಕ."

ಅತ್ತೆಯ ಮಗ ಎಲ್ಲಿಂದಲೋ ಹೀಟರ್ ಹೊತ್ತು ತಂದಿದ್ದ. ಮಗಳು ಅವನನ್ನು ಬಾಗಿಲಲ್ಲೇ ತಡೆದು ವಾಪಸು ಕಳಿಸಿದಳು. ಬಂದವರನ್ನು ಹೊರಗಿನ ಕೋಣೆಯಲ್ಲಿ ಕೂರಿಸಿ ಇಬ್ಬಿಬ್ಬರನ್ನೇ ಒಳಗೆ ಬಿಡುತ್ತಿದ್ದಳು. ಜನ ಸೇರಿದರೆ ಕೋಣೆ ಬೆಚ್ಚಗಾಗುತ್ತದೆ. ದುಃಖಕ್ಕೆ ಹುಡುಗಿಯ ತಲೆ ಕೆಟ್ಟಿದೆ ಎಂದು ಯಾರೋ ಪಿಸುಗುಟ್ಟಿದ್ದು ಅವಳ ಕಿವಿಗೂ ಬಿತ್ತು. ಬಿದ್ದರೆ ಬೀಳಲಿ. ದಿನವೂ ಒಂದು ಬಸ್ಸಿನಷ್ಟು ಜನರ ಗೊಣಗಾಟವನ್ನು ಬೆನ್ನಿಗೆ ಹಾಕಿಕೊಂಡು ಸ್ಟಿಯರಿಂಗ್ ತಿರುಗಿಸುವವಳಿಗೆ ಇದೇನು ಮಹಾ?

ಮನೆಯಲ್ಲೇ ತಣ್ಣಗಿನ ಕೋಣೆ ಎಂದು ಹೆಣವನ್ನು ಇಲ್ಲಿ ಮಲಗಿಸಿದ್ದರು. ಅಪ್ಪ ಕೆಲಸಕ್ಕೆ ಇದನ್ನೇ ಆರಿಸಿಕೊಂಡದ್ದೂ ಅದೇ ಕಾರಣಕ್ಕೆ. ಅವನ ತಲೆಯ ಬಳಿಯ ಮೇಜಿನ ಮೇಲೆ ಒಂದು ಸರ್ಕ್ಯೂಟ್ ಬೋರ್ಡು, ಅದಕ್ಕೆ ಜೋಡಿಸಿದ ಹಳೆಯ ಪರದೆ. ಅಪ್ಪ ಆಸ್ಪತ್ರೆ ಸೇರಿದಂದಿನಿಂದ ಅದನ್ನು ಯಾರೂ ಹಚ್ಚಿರಲಿಲ್ಲ.

* * *

ಹೋದ ತಿಂಗಳು, ಅವಳು ತರಕಾರಿ ಹೆಚ್ಚುತ್ತಿದ್ದಾಗ ಅಪ್ಪ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಹೇಳಿದ್ದ. ಆ ಬೋರ್ಡು ಅವನ ಆಫೀಸಿನವರು ತಯಾರಿಸುವ, ಆಂಬುಲೆನ್ಸಿನಲ್ಲಿ ರೋಗಿಯ ಎದೆಬಡಿತ ತೋರಿಸುವ ಯಂತ್ರದ್ದು. ಅದರ ಪ್ರೊಸೆಸರ್‌ನಲ್ಲಿ ನಾಲ್ಕು ಕೋರ್, ಅಂದರೆ ಕೆಲಸ ಮಾಡುವ ನಾಲ್ಕು ಮಿದುಳು. ಹಚ್ಚಿದ ಕೂಡಲೇ ಮೊದಲು ಏಳುವುದು ಒಂದೇ. ಯಂತ್ರದ ಯಜಮಾನನಂತಿರುವ ಕರ್ನಲ್ ಎಂಬ ತಂತ್ರಾಂಶ ಆ ಒಂದರ ಮೇಲೆ ಕೂತು ಉಳಿದವನ್ನು ಕರೆಯುತ್ತದೆ.

"ಓ ಅಂದೋರನ್ನ ಲೆಕ್ಕಕ್ಕೆ ಸೇರಿಸ್ಕೊಳ್ಳುತ್ತೆ. ಅನ್ನದೇ ಇದ್ದೋರು ಹುಟ್ಟೇ ಇಲ್ಲ ಅಂತ ತೀರ್ಮಾನ," ಎಂದಿದ್ದ ಅಪ್ಪ. "ರಾತ್ರಿಯೆಲ್ಲ ಚಳಿಲಿ ಬಿದ್ದಿದ್ರೆ ನಾಲ್ಕನೇದು ಒಂದು ಚೂರು ತಡವಾಗಿ ಏಳುತ್ತೆ. ಕರ್ನಲ್‌ಗೆ ಅಷ್ಟು ಕಾಯೋ ತಾಳ್ಮೆ ಇಲ್ಲ."

"ಮೂರರಲ್ಲಿ ನಡೆಯಲ್ವಾ?"

"ನಡೆಯುತ್ತೆ, ಕುಂಟ್ಕೊಂಡು. ತೋರಿಸೋದು ಹಿಂದೆ ಬೀಳುತ್ತೆ. ಎದೆ ನಿಂತ ಮೇಲೂ ಪರದೇಲಿ ಇನ್ನೂ ಹೊಡ್ಕೊಳ್ತಾ ಇರುತ್ತೆ."

ಆಫೀಸಿನಲ್ಲಿ ಇದನ್ನು ಯಾರೂ ಕಂಡಿರಲಿಲ್ಲ. ಅಲ್ಲಿ ಹಗಲೂ ರಾತ್ರಿ ಬೆಚ್ಚಗೆ, ಯಂತ್ರಗಳು ಆರುವುದೇ ಇಲ್ಲ. ಅಪ್ಪ ದೂರು ದಾಖಲಿಸಿ, ಕರ್ನಲ್ ಇನ್ನಷ್ಟು ಹೊತ್ತು ಕಾಯುವಂತೆ ತಿದ್ದುಪಡಿ ಬರೆದು ಕಳಿಸಿದ್ದ. ರೋಗವೇ ಇಲ್ಲ ಎನ್ನುವವರು ಔಷಧಿ ಕುಡಿಯುತ್ತಾರೆಯೇ? ಅವನಿಗೆ ಚಳಿಯಪ್ಪ ಎಂದು ಹೆಸರಿಟ್ಟು ನಕ್ಕರು. ವಯಸ್ಸಾಯಿತು, ಭ್ರಮೆ, ಎಂದೂ ಒಬ್ಬರು ಅಂದರಂತೆ. ಕಂಡದ್ದು ಕಂಡಂತೆ ಹೇಳಿದರೆ ಕೆಂಡದಂಥ ಕೋಪ ಎಂದು ಅಪ್ಪ ನಗಲು ನೋಡಿದ್ದ, ನಗು ಬಂದಿರಲಿಲ್ಲ.

ಮಗಳು ಮಾತ್ರ ನಂಬಿದ್ದಳು. ಮುಂಜಾನೆ ಕೆಮ್ಮಿ ಕೆಮ್ಮಿ ನಿಲ್ಲುವ ಅವಳ ಬಸ್ಸನ್ನು ಮೆಕ್ಯಾನಿಕ್ ನೋಡುವುದು ಮಧ್ಯಾಹ್ನ. ಚೆನ್ನಾಗೇ ಇದೆಯಲ್ಲಮ್ಮ ಎಂದು ಅವನು ಕೈ ಒರೆಸಿಕೊಂಡು ಹೋಗಿಬಿಡುತ್ತಿದ್ದ.

* * *

ಮ್ಯಾನೇಜರ್ ಬಂದು ಹೆಣದ ಮುಂದೆ ತಲೆ ಬಾಗಿಸಿ ನಿಂತರು. ಕೆಟ್ಟವರೇನಲ್ಲ, ಕಣ್ಣು ನಿಜವಾಗಿಯೇ ಒದ್ದೆಯಾಗಿತ್ತು. ಆಮೇಲೆ ಸಂಕೋಚದಿಂದ, ಬೋರ್ಡು ಆಫೀಸಿನದು, ಒಯ್ಯಬೇಕು ಎಂದರು. ಸಂಜೆಗೆ ಅಪ್ಪನ ದೂರನ್ನೂ ಮುಚ್ಚುತ್ತಾರಂತೆ, ಯಾರಿಗೂ ಕಾಣಿಸಲಿಲ್ಲ ಎಂದು ಬರೆದು.

"ತಗೊಂಡು ಹೋಗಿ ಸರ್," ಎಂದಳು ಮಗಳು. "ಅದಕ್ಕೆ ಮುಂಚೆ ಇಲ್ಲೇ, ನಿಮ್ಮೆದುರಿಗೇ ಒಂದು ಸಲ ಹಚ್ತೀನಿ."

"ಇವತ್ತಾ? ಬೇಡಮ್ಮ."

"ಇವತ್ತೇ. ನಿಮ್ಮ ಆಫೀಸಲ್ಲಿ ಇದಕ್ಕೆ ಚಳಿ ಸಿಗಲ್ಲ. ಒಂದ್ಸಲ ಹಚ್ಚಿದ್ರೆ ಬಿಸಿಯಾಗ್ಬಿಡುತ್ತೆ, ಮತ್ತೆ ಆರೋಕೆ ರಾತ್ರಿಯೆಲ್ಲ ಬೇಕು."

ಅತ್ತೆಗೆ ರೇಗಿತು. ಒಡಹುಟ್ಟಿದವನ ಹೆಣ ಎದುರಿಗಿರುವಾಗ ಇದೇನು ಕಂಪ್ಯೂಟರ್ ಆಟ, ನೋಡಿದವರು ಏನಂದಾರು ಎಂದು ಕೇಳಿದಳು.

"ಅನ್ನೋದೆಲ್ಲ ಆಗ್ಲೇ ಅಂದಾಗಿದೆ ಅತ್ತೆ, ಅಪ್ಪನಿಗೆ ಭ್ರಮೆ ಅಂತ. ಆ ಮಾತು ಹೊರಿಸಿ ನಾನು ಅಪ್ಪನ್ನ ಕಳಿಸಲ್ಲ."

ಅತ್ತೆ ಮೇಜಿನ ದಾರಿ ಬಿಟ್ಟು ಪಕ್ಕಕ್ಕೆ ಸರಿದಳು. ಅಪ್ಪನದೂ ಇದೇ ಉಡದ ಪಟ್ಟು ಎಂಬುದು ಅವಳಿಗೆ ಗೊತ್ತಿಲ್ಲದ್ದೇನಲ್ಲ.

ಮಗಳು ಗುಂಡಿಯ ಮೇಲೆ ಬೆರಳಿಟ್ಟಳು. ಕೆಲವು ಬೆಳಿಗ್ಗೆ ತೊಂದರೆ ಕಾಣಿಸುತ್ತಲೇ ಇರಲಿಲ್ಲ. ನಾಲ್ಕೂ ಎದ್ದುಬಿಟ್ಟರೆ, ಅಪ್ಪನ ಮುಖದ ಮುಂದೆಯೇ ಅಪ್ಪನನ್ನು ಸುಳ್ಳು ಮಾಡಿದ ಹಾಗೆ. ಆದರೂ ಒತ್ತಿದಳು.

ಪರದೆಯ ಮೇಲೆ ಸಾಲುಗಳು ಓಡಿದವು. ಮೊದಲನೆಯದು ಎದ್ದಿತು. ಎರಡನೆಯದು. ಮೂರನೆಯದು. ಆಮೇಲೆ ಒಂದು ಸಾಲು ಬಂತು, ನಾಲ್ಕನೆಯದರಿಂದ ಉತ್ತರವಿಲ್ಲ ಎಂದು. ಅದರ ಕೆಳಗೆ, ಒಟ್ಟು ಕೋರ್ ಮೂರು.

ಮ್ಯಾನೇಜರ್ ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು ಮತ್ತೆ ಓದಿದರು. ಫೋನು ತೆಗೆದು ಪರದೆಯ ಫೋಟೊ ಹಿಡಿದರು.

"ದೂರು ಮುಚ್ಚಲ್ಲಮ್ಮ," ಎಂದರು. "ಅವರು ಬರೆದ ತಿದ್ದುಪಡಿನ ಹೀಗೇ ಚಳಿಯಲ್ಲಿಟ್ಟು ಪರೀಕ್ಷೆ ಮಾಡಿಸ್ತೀನಿ. ಅಲ್ಲಿ ತನಕ ಒಂದು ಯಂತ್ರಾನೂ ಹೊರಗೆ ಹೋಗಲ್ಲ."

ಅಪ್ಪ ಹೋದ ಸುದ್ದಿಗೂ ಬಾರದ ಅಳು ಮಗಳಿಗೆ ಈಗ ಬಂತು. ಮೇಜು ಹಿಡಿದುಕೊಂಡು ಅತ್ತಳು. ಮ್ಯಾನೇಜರ್ ಬೋರ್ಡನ್ನು ಬಟ್ಟೆಯಲ್ಲಿ ಸುತ್ತಿಕೊಂಡರು.

ಅಷ್ಟರಲ್ಲಿ ಗಾಡಿ ಬಂತು. ಹೊರುವವರು ಒಳಗೆ ಬಂದು ಮಂಚದ ಸುತ್ತ ನಿಂತರು. ಅತ್ತೆ ಮಗಳ ತೋಳು ಜಗ್ಗಿ, ಮೂರು ಬಂದರೆ ಒಳ್ಳೆಯದೋ ಕೆಟ್ಟದ್ದೋ ಎಂದು ಮೆಲ್ಲಗೆ ಕೇಳಿದಳು. ಯಂತ್ರಕ್ಕೆ ಕೆಟ್ಟದ್ದು, ಆದರೆ ಅಪ್ಪ ಹೇಳಿದ್ದು ನಿಜ ಎಂದಾಯಿತು ಎಂದಳು ಮಗಳು.

"ಸ್ವಲ್ಪ ತಡೀರಪ್ಪ," ಎಂದಳು ಅತ್ತೆ ಹೊರುವವರಿಗೆ.

ಮಂಡಿ ಹಿಡಿದುಕೊಂಡು ಕಷ್ಟಪಟ್ಟು ಬಗ್ಗಿದಳು. ತಮ್ಮನ ಕಿವಿಯ ಮೇಲಿನ ಬಟ್ಟೆಯನ್ನು ಸರಿಸಿ, ಕಿವಿ ಮಂದವಾದವನಿಗೆ ಹೇಳುವ ಹಾಗೆ ಬಿಡಿಸಿ ಬಿಡಿಸಿ ಹೇಳಿದಳು.

"ಮೂರೇ ಕಣೋ. ನಾನೂ ನೋಡ್ದೆ. ಅವರೂ ನೋಡಿದ್ರು."