ರತ್ನವ್ವನ ಹೆಗಲಗಡ್ಡೆ

ಎಪ್ಪತ್ತೊಂಬತ್ತನೇ ಇಸವಿಯ ಮಾತು. ಇಳಕಲ್ಲಿನ ರತ್ನವ್ವನ ಬಲ ಹೆಗಲ ಹಿಂದೆ ನಿಂಬೆಹಣ್ಣಿನಷ್ಟಿದ್ದ ಕೊಬ್ಬಿನ ಗಡ್ಡೆ ನೋಡನೋಡುತ್ತ ಬದನೆಕಾಯಿಯಷ್ಟಾಯಿತು. ಮಗ್ಗದ ಕುಣಿಯಲ್ಲಿ ಕೂತು ಲಾಳಿಯ ಹಗ್ಗ ಜಗ್ಗಿದರೆ ಸಾಕು, ಜೀವ ಹೋದಂತಾಗುತ್ತಿತ್ತು. ಅತ್ತೆ ಚಂದ್ರವ್ವನೇ ಮುಂದಾಗಿ ಹುನಗುಂದದ ಡಾಕ್ಟರ ಹತ್ತಿರ ಕರೆತಂದಳು. ಅತ್ತೆಯ ಬೆನ್ನಿನ ಗಡ್ಡೆಯನ್ನೂ ಹಿಂದೆ ಇದೇ ಡಾಕ್ಟರು ತೆಗೆದಿದ್ದರು. ಜ್ಞಾನ ತಪ್ಪಿಸುವುದಿಲ್ಲ, ಆ ಜಾಗವನ್ನಷ್ಟೇ ಮರಗಟ್ಟಿಸಿ ಕೊಯ್ಯುತ್ತಾರೆ, ಕೂದಲು ಕೊಂಕುವುದಿಲ್ಲ ಎಂದು ಚಂದ್ರವ್ವ ಓಣಿಗೆಲ್ಲ ಡಂಗುರ ಸಾರಿದ್ದಳು. ತಾನು ತುಟಿ ಪಿಟಕ್ಕೆನ್ನದೆ ಮಲಗಿದ್ದೆನೆಂಬ ಬಡಾಯಿ ಬೇರೆ.

ರತ್ನವ್ವನನ್ನು ಬೋರಲು ಮಲಗಿಸಿ ಸೂಜಿ ಚುಚ್ಚಿದರು. ಡಾಕ್ಟರು ಒಳ್ಳೆಯವರೇ, ನೋವಾದರೆ ಹೇಳು ಎಂದು ಮೊದಲೇ ಅಂದಿದ್ದರು. ಮೇಲಿನ ಚರ್ಮ ಕೊಯ್ದದ್ದು ಗೊತ್ತೇ ಆಗಲಿಲ್ಲ. ಕತ್ತಿ ಗಡ್ಡೆಯ ಬುಡಕ್ಕೆ ಹೋದಾಗ ಮಾತ್ರ ಕೆಂಡ ಇಟ್ಟಂತಾಯಿತು. ಸೂಜಿಯ ಔಷಧ ಅಲ್ಲಿಯತನಕ ಇಳಿದಿರಲೇ ಇಲ್ಲ.

"ನೋವೈತೇನು?" ಡಾಕ್ಟರು ಕೇಳಿದರು.

"ಇಲ್ರೀ."

ಇಲ್ಲ ಅನ್ನದೆ ಇನ್ನೇನು ಅಂದಾಳು? ಪರದೆಯ ಆಚೆ ಬೆಂಚಿನ ಮೇಲೆ ಅತ್ತೆ ಕೂತಿದ್ದಾಳೆ. ಆ ಮನೆಯ ಸೊಸೆಯಂದಿರು ಹೆರುವಾಗಲೂ ದನಿ ಎತ್ತಿದವರಲ್ಲ. ಹಿರಿಯರು ಏನಾದರೂ ಕೇಳಿದರೆ ಇಲ್ಲ ಎನ್ನುವುದೇ ಮರ್ಯಾದೆ, ಅದು ಹಸಿವೆಯ ಮಾತಾಗಲಿ, ನೋವಿನ ಮಾತಾಗಲಿ. ಈಗ ಚೀರಿದರೆ ಅತ್ತೆಯ ಮಾತು ಮಣ್ಣುಪಾಲು. ಬಾಯಲ್ಲಿ ಬಿಸಿತುಪ್ಪ, ಉಗುಳುವಂತಿಲ್ಲ, ನುಂಗುವಂತಿಲ್ಲ. ಏಳುವಂತಿಲ್ಲ, ಹೊರಳುವಂತಿಲ್ಲ. ಮೇಜಿನ ರಬ್ಬರು ಹಾಳೆ ಮೂಗಿಗೆ ಒತ್ತಿ ಉಸಿರು ಕಟ್ಟುತ್ತಿತ್ತು. ಹಾಳಾದ ಗಡ್ಡೆ ಇದ್ದರೆ ಇರಲಿ, ಇಲ್ಲಿಂದ ಬಿಟ್ಟರೆ ಸಾಕು ಅನ್ನಿಸಿತು. ಡಾಕ್ಟರು ಮತ್ತೆ ಕೇಳಿದರು. ಮತ್ತೆ ಇಲ್ರೀ ಅಂದಳು. ಅನ್ನುವಷ್ಟರಲ್ಲಿ ಭುಜ ತಾನಾಗಿ ಮಿಸುಕಿತು.

ಡಾಕ್ಟರು ಗಕ್ಕನೆ ಕೈ ತೆಗೆದರು. ಅವರಿಗೆ ಸಿಟ್ಟು ಬಂದಿತ್ತು.

"ಹುಚ್ಚಿ ಇದ್ದೀಯೇನವಾ? ನಿನ್ನ ಎಚ್ಚರ ಇಟ್ಟಿದ್ದ ಅದಕ್ಕ. ನೋವಾದ್ರ ಒದರಬೇಕು, ಇನ್ನೊಂದು ಸೂಜಿ ಹಾಕತೇನಿ. ತಡಕೊಂಡು ಮಿಸುಕಿದ್ರ ಕತ್ತಿ ನರಕ್ಕ ತಾಗಿ ಕೈ ಹೋಗತೈತಿ. ಈಗ ಖರೆ ಹೇಳು, ನೋವೈತೇನು?"

ಕೈ ಹೋದರೆ ಮಗ್ಗವೂ ಹೋಯಿತು. ರತ್ನವ್ವನಿಗೆ ಅತ್ತೆಗಿಂತ ಆ ಹೆದರಿಕೆ ದೊಡ್ಡದಾಯಿತು. "ಭಾಳ ನೋವೈತ್ರೀ" ಎಂದು ಇಡೀ ದವಾಖಾನೆಗೆ ಕೇಳುವಂತೆ ಒದರಿಯೇಬಿಟ್ಟಳು.

ಇನ್ನೊಂದು ಸೂಜಿ ಬಿತ್ತು. ತುಸು ಹೊತ್ತಿಗೆ ಉರಿಯೆಲ್ಲ ಆರಿತು. ಗಡ್ಡೆ ಯಾವಾಗ ಹೊರಬಂತೋ ಆಕೆಗೆ ಗೊತ್ತಾಗಲಿಲ್ಲ.

ಪಟ್ಟಿ ಕಟ್ಟಿಸಿಕೊಂಡು ಹೊರಗೆ ಬಂದವಳು ಬೈಗುಳಕ್ಕೆ ತಯಾರಾಗಿ ತಲೆ ತಗ್ಗಿಸಿ ನಿಂತಳು. ಬೈಗುಳ ಬರಲಿಲ್ಲ. ಚಂದ್ರವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು, ಸೊಸೆಯ ಹಿಂದೆ ಬಂದು ನಿಂತಿದ್ದ ಡಾಕ್ಟರನ್ನೇ ನೋಡುತ್ತಿದ್ದಳು. ಕಣ್ಣು ತುಂಬಿ ಬಂದಿತ್ತು.

"ಹಂಗಾರ," ಅಂದಳು, "ಅವತ್ತ ನಾನೂ ಒದರಬಹುದಿತ್ತೇನ್ರೀ?"