ತೊಳೀಬಾರದ ಶರ್ಟು

ಆ ಶರ್ಟಿನ ವಾಸನೆ ಹೇಗಿತ್ತು ಅಂತ ಮೊದಲೇ ಹೇಳ್ಬಿಡ್ತೀನಿ. ಊಟ ಮಾಡ್ತಿದ್ರೆ ತಟ್ಟೆ ಪಕ್ಕಕ್ಕಿಡಿ. ಟಿಫಿನ್ ಡಬ್ಬೀಲಿ ಮರೆತುಹೋದ ಮೊಸರನ್ನ, ಮಳೇಲಿ ನೆನೆದ ನಾಯಿ, ಹಳೇ ಬಿಯರು. ಮೂರೂ ಸೇರಿ ಒಂದು ಹಳದಿ ಶರ್ಟು. ಯಪ್ಪಾ!

ನಾನು ಸೌಮ್ಯಾ, ದಾವಣಗೆರೆಯವಳು. ಇಂಗ್ಲೆಂಡಿನ ಶೆಫೀಲ್ಡಲ್ಲಿ ಸ್ಪೋರ್ಟ್ಸ್ ಮ್ಯಾನೇಜ್‌ಮೆಂಟ್ ಓದ್ತಿದೀನಿ, ಬ್ರೂಮ್‌ಹಿಲ್‌ನಲ್ಲಿ ರೂಮು. ಕೋರ್ಸಿನ ಜೊತೆ ಒಂದು ವರ್ಷ ಕೆಲಸ ಕಲಿಯೋಕೆ ಪ್ಲೇಸ್‌ಮೆಂಟ್ ಸಿಕ್ಕಿದ್ದು ಲಾಕ್ಸ್‌ಡೇಲ್ ವಿಮೆನ್ ಅನ್ನೋ ಫುಟ್‌ಬಾಲ್ ಕ್ಲಬ್ಬಲ್ಲಿ. ಪ್ರೊಫೆಷನಲ್ ಕ್ಲಬ್ಬು! ಅಮ್ಮಂಗೆ ಫೋನ್ ಮಾಡಿ ಕುಣಿದಾಡ್ಬಿಟ್ಟಿದ್ದೆ. ಕೆಲಸ ಏನಪ್ಪಾ ಅಂದ್ರೆ ಇಪ್ಪತ್ತಮೂರು ಜನರ ಸಾಕ್ಸು, ಚಡ್ಡಿ ಒಗೆಯೋದು. ಜೊತೆಗೆ ಕ್ಲಬ್ಬಿನ ಪೇಜಿಗೆ ನನ್ನ ಫೋನಲ್ಲೇ ವಿಡಿಯೋ ಮಾಡೋದು.

ಅಲ್ಲೊಂದು ಪದ್ಧತಿ. ವಾರಾ ವಾರಾ ಪ್ರಾಕ್ಟೀಸಲ್ಲಿ ಯಾರು ಕೆಟ್ಟದಾಗಿ ಆಡಿದ್ರು ಅಂತ ಎಲ್ಲರೂ ಗುಟ್ಟಾಗಿ ಚೀಟಿ ಬರೆದು ಐಸ್‌ಕ್ರೀಮ್ ಡಬ್ಬಕ್ಕೆ ಹಾಕ್ಬೇಕು. ಎಣಿಸಿ ಹೆಸರು ಕೂಗೋದು ಬಟ್ಟೆ ನೋಡ್ಕೊಳ್ಳೋ ಕಿಟ್ ರೂಮಿನವರು, ಅಂದ್ರೆ ನಾನು. ಜಾಸ್ತಿ ವೋಟು ಬಂದವಳು ಒಂದು ವಾರ ಆ ಹಳದಿ ಶರ್ಟಲ್ಲೇ ಪ್ರಾಕ್ಟೀಸ್ ಮಾಡ್ಬೇಕು. ಸೀಸನ್ ಮುಗಿಯೋವರೆಗೂ ಅದನ್ನ ತೊಳೆಯಂಗಿಲ್ಲ.

ನಂಗೇನ್ ಗೊತ್ತು? ನಮ್ಮಮ್ಮ ಬಸ್ಸಲ್ಲಿ ಕೂತು ಬಂದ ಬಟ್ಟೇಲಿ ಹಾಸಿಗೆ ಮೇಲೆ ಕೂರೋಕೂ ಬಿಡಲ್ಲ. ಅಂಥ ಮನೆಯವಳು ಸೆಪ್ಟೆಂಬರಲ್ಲಿ ಆ ಶರ್ಟು ನೋಡಿ ಛೀ ಅಂದ್ಕೊಂಡು, ಅರವತ್ತು ಡಿಗ್ರೀಲಿ ಒಗೆದು, ಲ್ಯಾವೆಂಡರ್ ಹಾಕಿ, ನೀಟಾಗಿ ಮಡಚಿಟ್ಟೆ. ಜೋಡಿ ಅಂತ ನಮ್ ಕ್ಯಾಪ್ಟನ್, ಅವಳು ಕಿರುಚಿದ್ದು ಕಾರ್ ಪಾರ್ಕಿಗೂ ಕೇಳಿಸ್ತು. "ಯಾರದು ನಮ್ ಶರ್ಟ್ ಸಾಯಿಸಿದ್ದು?"

ಆಮೇಲೆ ಅದನ್ನ ವಾಪಸ್ ಗಬ್ಬೆಬ್ಬಿಸಿದ್ರು. ಮೊಟ್ಟೆ ಒಡೆದ್ರು, ಬಿಯರ್ ಸುರಿದ್ರು, ಶವರಿನ ಜಾಲರೀಲಿ ಸಿಕ್ಕಿದ ಕೂದಲಿನ ಉಂಡೆ ತಗೊಂಡು ಕಂಕುಳ ಹತ್ರ ಉಜ್ಜಿದ್ರು. ನಂಗೆ ವಾಂತಿ ಬರಂಗಾಯ್ತು, ಆದ್ರೂ ನಗ್ತಿದ್ದೆ. ವಿಡಿಯೋ ಮಾಡ್ದೆ. ನಲವತ್ತು ಸಾವಿರ ವ್ಯೂಸ್!!

ಮೊದಮೊದಲು ಶರ್ಟು ಒಂದೊಂದು ವಾರ ಒಬ್ಬೊಬ್ಬಳಿಗೆ ಹೋಗ್ತಿತ್ತು. ಅಕ್ಟೋಬರಲ್ಲಿ ಲೀಡ್ಸಿನ ಮ್ಯಾಚಲ್ಲಿ ಮಹ್ನೂರ್ ಕಾಲಿಗೆ ತಗಲಿ ಬಾಲ್ ನಮ್ ಗೋಲಿಗೇ ಹೋಯ್ತು. ಅವತ್ತಿಂದ ಬರೀ ಅವಳೇ. ಹತ್ತೊಂಬತ್ತು ವರ್ಷದ ಹುಡುಗಿ, ಡರ್ಬೀಲಿ ಹುಟ್ಟಿದವಳು. ಅಪ್ಪ ಅಮ್ಮ ಹುಬ್ಬಳ್ಳಿಯವರು. ನಾನು ಕನ್ನಡದಲ್ಲಿ ಬೈದ್ರೂ ಅರ್ಥ ಆಗುತ್ತೆ, ಉತ್ತರ ಮಾತ್ರ ಇಂಗ್ಲಿಷಲ್ಲಿ. ನಿಜ ಹೇಳ್ಬೇಕಂದ್ರೆ ಪ್ರಾಕ್ಟೀಸಿಗೆ ಎಲ್ಲರಿಗಿಂತ ಮೊದಲು ಬರೋಳು, ಕೊನೇಲಿ ಹೋಗೋಳು ಅವಳೇ. ಪಬ್ಬಿಗೆ ಬರಲ್ಲ ಅಷ್ಟೇ. ಆ ಶರ್ಟು ಹಾಕ್ಕೊಂಡು ಜೋರಾಗಿ ನಗ್ತಿದ್ಲು. 'ಸಖತ್ ಸ್ಪೋರ್ಟಿವ್ ಕಣೇ ನೀನು' ಅಂತಿದ್ದೆ. ಅವಳದ್ದೇ ಹತ್ತೊಂಬತ್ತು ವಿಡಿಯೋ ಮಾಡಿದೀನಿ.

ಸೀಸನ್ನಿನ ಕೊನೇ ಮ್ಯಾಚು ಮೇ ತಿಂಗಳಲ್ಲಿ, ಮ್ಯಾಂಚೆಸ್ಟರಿಂದ ಬರೋ ಟೀಮಿನ ಮೇಲೆ. ಡ್ರಾ ಆದ್ರೂ ಸಾಕು, ಸೋತ್ರೆ ಕೆಳಗಿನ ಲೀಗಿಗೆ. ಮ್ಯಾಚ್ ಆದ್ಮೇಲೆ ಕೊನೇ ವೋಟು. ಆಮೇಲೆ ಎಲ್ಲರೂ ಗ್ರೌಂಡ್ ಸುತ್ತ ಒಂದು ರೌಂಡ್ ಹೋಗಿ ಜನಕ್ಕೆ ಕೈ ಬೀಸ್ಬೇಕು, ಮನೆಯವರೂ ಒಳಗೆ ಬರ್ತಾರೆ. ವೋಟು ಬಿದ್ದವಳು ಆ ರೌಂಡನ್ನ ಹಳದಿ ಶರ್ಟಲ್ಲೇ ಹಾಕ್ಬೇಕು.

ಶುಕ್ರವಾರ ಮಹ್ನೂರ್ ಕಿಟ್ ರೂಮಿಗೆ ಬಂದ್ಲು. ಶರ್ಟು ಬಿಚ್ಚಿ ಮೊಳೆಗೆ ನೇತುಹಾಕಿ, ಸಿಂಕಲ್ಲಿ ಕತ್ತು ತಿಕ್ಕಿ ತಿಕ್ಕಿ ತೊಳ್ಕೊಂಡ್ಲು. ಕತ್ತಿನ ಸುತ್ತ ಕೆಂಪಗೆ ಗುಳ್ಳೆ.

"ಇದೇನೇ?"

"ರ‍್ಯಾಶ್. ಸಿನ್ಸ್ ಕ್ರಿಸ್‌ಮಸ್."

"ಹೇಳ್ಬಾರ್ದಿತ್ತಾ?"

ಅವಳು ನನ್ನ ಫೋನ್ ಕಡೆ ನೋಡಿದ್ಲು. ಆಮೇಲೆ "ಅಬ್ಬಾ ಈಸ್ ಕಮಿಂಗ್ ಆನ್ ಸಂಡೇ," ಅಂದ್ಲು. ಅವರಪ್ಪ ವಾಹಿದ್ ಅಂಕಲ್‌ಗೆ ಡರ್ಬಿ ಫ್ಯಾಕ್ಟರೀಲಿ ವೀಕೆಂಡ್ ಶಿಫ್ಟು, ಇದುವರೆಗೂ ಒಂದು ಮ್ಯಾಚೂ ನೋಡಿಲ್ಲ. ಆದ್ರೂ ಅಲ್ಲಿ ಎಲ್ಲರ ಹತ್ರ 'ಮಗಳು ಪ್ರೊಫೆಷನಲ್' ಅಂತ ಹೇಳ್ಕೊಂಡು ತಿರುಗ್ತಾರಂತೆ. ಫೋನಿದ್ದರೂ ವಿಡಿಯೋ ಗಿಡಿಯೋ ನೋಡೋರಲ್ಲ.

"ಹೀ ಡಸಂಟ್ ನೋ ಅಬೌಟ್ ದ ಶರ್ಟ್," ಅಂದು ಹೊರಟೋದ್ಲು.

ಶರ್ಟು ಮೊಳೇಲಿ ನೇತಾಡ್ತಿತ್ತು. ಅಸಹ್ಯ ಆಗಿದ್ದು ಅದನ್ನ ನೋಡಿ ಅಲ್ಲ. ವಾರಾ ವಾರಾ ಚೀಟಿ ಎಣಿಸಿ, ಸಿನಿಮಾ ಅವಾರ್ಡ್ ಕೊಡೋ ಥರ ದನಿ ಎಳೆದು "ಮ...ಹ್ನೂರ್!" ಅಂತ ಕೂಗಿದ್ದು ಈ ಬಾಯೇ ತಾನೆ? ಥೂ.

ಭಾನುವಾರ ಒಂದು-ಒಂದು ಡ್ರಾ. ಕೊನೇ ನಿಮಿಷದಲ್ಲಿ ಗೋಲ್ ಲೈನ್ ಮೇಲೆ ಬಾಲ್ ತಡೆದು ನಮ್ಮನ್ನ ಲೀಗಲ್ಲಿ ಉಳಿಸಿದ್ದು ಯಾರು? ಮಹ್ನೂರ್! ಎಲ್ಲರೂ ಅವಳನ್ನ ಎತ್ಕೊಂಡು ಕುಣಿದ್ರು. ಹತ್ತು ನಿಮಿಷ ಆದ್ಮೇಲೆ ಡ್ರೆಸಿಂಗ್ ರೂಮಲ್ಲಿ ಡಬ್ಬ ನನ್ನ ಕೈಗೆ ಬಂತು. ಬಿಚ್ಚಿದೆ. ಮಹ್ನೂರ್. ಮಹ್ನೂರ್, ಪಕ್ಕದಲ್ಲೊಂದು ನಗೋ ಮುಖ. ಮಹ್ನೂರ್. ಮಹ್ನೂರ್. ಅವಳನ್ನ ಎತ್ತಿದ ಕೈಗಳೇ ಬರೆದಿದ್ದು. ಅವಳು ಮೂಲೇಲಿ ಕೂತು ಶೂ ಲೇಸ್ ಬಿಚ್ತಾನೇ ಇದ್ಲು, ಬಿಚ್ಚಿದ್ದನ್ನೇ ಮತ್ತೆ ಕಟ್ತಾ ಇದ್ಲು.

ಚೀಟಿ ಎಲ್ಲಾ ಜೇಬಿಗೆ ತುರುಕ್ದೆ. "ಸೌ...ಮ್ಯಾ!" ಅಂತ ಕೂಗಿದೆ.

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದ್ರು. ಗುಟ್ಟಿನ ವೋಟಲ್ವಾ, 'ನಾನು ಸೌಮ್ಯಾ ಹೆಸರು ಬರೆದಿಲ್ಲ' ಅಂತ ಅವರಲ್ಲಿ ಯಾರು ಬಾಯಿಬಿಡ್ತಾರೆ?

"ಸ್ಟಾಫ್‌ಗೂ ಹಾಕ್ಬಹುದಾ?" ಅಂದ್ಲು ಜೋಡಿ.

"ನೀವೇ ಹಾಕಿದೀರಲ್ಲ. ಹದಿಮೂರು ವೋಟು."

"ಸೆಪ್ಟೆಂಬರಲ್ಲಿ ತೊಳೆದಿದ್ಲಲ್ಲ, ಅದಕ್ಕೇ!" ಅಂತ ಗೋಲ್‌ಕೀಪರ್ ನಕ್ಕಳು. ಮುಗೀತು, ಎಲ್ಲರಿಗೂ ಒಪ್ಪಿಗೆ. "ಮಹ್ನೂರ್, ಇವತ್ತು ಕ್ಯಾಮೆರಾ ನಿಂದು," ಅಂತ ಜೋಡಿ ನನ್ನ ಫೋನ್ ಕಿತ್ಕೊಂಡು ಅವಳ ಕೈಗಿಟ್ಟಳು.

ಹಾಕ್ಕೊಂಡೆ ಕಣ್ರೀ. ತಲೆ ತೂರಿಸುವಾಗ ತುಟಿಗೆ ತಗಲ್ತು. ಒಳಗಡೆ ಅಂಟಂಟು, ಇನ್ನೂ ಹಸಿಹಸಿ. ಒಂದು ಕೂದಲು ಬಾಯಿಗೆ ಬಂತು, ಯಾರದ್ದೋ ಏನೋ. ಗ್ರೌಂಡ್ ಸುತ್ತ ಜನ ಮೂಗು ಮುಚ್ಕೊಂಡು ಚಪ್ಪಾಳೆ ತಟ್ಟಿದ್ರು.

ವಾಹಿದ್ ಅಂಕಲ್ ಇಸ್ತ್ರಿ ಮಾಡಿದ ಕೋಟಲ್ಲಿ ಬಂದ್ರು. ನನ್ನ ಹತ್ರ ಬಂದವರೇ ಒಂದು ಹೆಜ್ಜೆ ಹಿಂದೆ ಸರಿದ್ರು.

"ಏನ್ ಬೇಟಾ, ನೀನೂ ಆಡ್ತೀಯೇನ?"

"ಇಲ್ಲ ಅಂಕಲ್, ನಾನು ಬಟ್ಟೆ ಒಗೆಯೋಳು."

"ಮತ್ತ ಇದನ್ಯಾಕ ಒಗದಿಲ್ಲ?"

ಹೇಳ್ದೆ. ವೋಟು, ವಾರ, ಎಲ್ಲಾ. ಅವರು ಮುಖ ಕಿವುಚಿದ್ರು. "ಛೀ, ಇದೆಂಥಾ ಆಟ? ನಮ್ಮ ಮಹ್ನೂರ್‌ಗೂ ಹಾಕ್ಸಿದ್ರೇನು?"

ಫೋನಿನ ಹಿಂದೆ ಮಹ್ನೂರ್ ಅಲ್ಲಾಡ್ಲಿಲ್ಲ. ಕಾಲರ್ ಗದ್ದದವರೆಗೂ ಎಳ್ಕೊಂಡಿದ್ಲು.

"ಇಲ್ಲ ಅಂಕಲ್. ಅವಳು ಚೆನ್ನಾಗಿ ಆಡ್ತಾಳೆ."

"ನನಗ ಗೊತ್ತಿತ್ತು," ಅಂದ್ರು ಅಂಕಲ್, ಮಗಳ ಬೆನ್ನು ತಟ್ತಾ.

"ಸ್ಮೈಲ್, ಸೌಮ್ಯಾ!" ಅಂತ ಹಿಂದಿಂದ ಜೋಡಿ ಕೂಗಿದ್ಲು. ನಕ್ಕೆ. ಕತ್ತು ಆಗ್ಲೇ ಕೆರೆಯೋಕೆ ಶುರು ಆಗಿತ್ತು, ಆದ್ರೂ ಹಲ್ಲು ಬಿಟ್ಕೊಂಡು ಜೋರಾಗಿ ನಕ್ಕೆ.

ರೂಮಿಗೆ ಬಂದು ಆ ವಿಡಿಯೋ ನೋಡ್ದೆ. ಆಮೇಲೆ ಅವಳ ಹತ್ತೊಂಬತ್ತನ್ನೂ ನೋಡ್ದೆ. ಅದೇ ನಗು.