ಗಾಜಿನ ಕಣ್ಣಿಗೆ ಗಾಳಿ

ಎಂಬತ್ನಾಲ್ಕರ ಬೇಸಿಗೆ. ಮದುವೆಯಾದ ಮೇಲೆ ಮೊದಲ ಸಲ ಯಲ್ದೂರಿನ ಅತ್ತೆ ಮನೆಗೆ ಹೋಗಿದ್ದೆ. ಹೊಸ ಅಳಿಯನಿಗೆ ಒಂದು ಮರ್ಯಾದೆ ಇರುತ್ತದಲ್ಲ, ಮನೆಯಲ್ಲಿದ್ದ ಒಂದೇ ಒಂದು ಟೇಬಲ್ ಫ್ಯಾನು ನನ್ನ ಕಡೆ ತಿರುಗುತ್ತದೆ ಅಂದುಕೊಂಡಿದ್ದೆ. ಅದು ಒಳಕೋಣೆಯಲ್ಲಿ ರೇಷ್ಮೆಹುಳುಗಳಿಗೆ ಬೀಸುತ್ತಿತ್ತು. ಆ ಕೋಣೆಯ ಕಿಟಕಿಗೆ ಒದ್ದೆ ಗೋಣಿಚೀಲ ಬೇರೆ ಕಟ್ಟಿದ್ದರು.

ಮಧ್ಯಾಹ್ನ ಊಟವಾದ ಮೇಲೆ ಅತ್ತೆ ಗಂಗರತ್ನಮ್ಮ, ಬೆಂಗಳೂರಿನಲ್ಲಿ ನಾನು ಮಾಡುವುದೇನು ಎಂದು ಕೇಳಿದರು. ಬೆವರು ಒರೆಸಿಕೊಳ್ಳುತ್ತಲೇ ಹೇಳಿದೆ.

“ವಿಮಾನದ ಇಂಜಿನ್ ಪರೀಕ್ಷೆ ಮಾಡ್ತೀವಿ ಅತ್ತೆ. ಅದರೊಳಗೆ ಬ್ಲೇಡುಗಳು ಕೆಂಪಗೆ ಕಾದು ತಿರುಗ್ತಿರ್ತವೆ. ಎಷ್ಟು ಕಾದಿವೆ ಅಂತ ಒಂದು ಗಾಜಿನ ಕಣ್ಣು ನೋಡಿ ಹೇಳುತ್ತೆ. ಆ ಕಣ್ಣೇ ಕಾದುಬಿಟ್ರೆ ಸುಳ್ಳು ಹೇಳುತ್ತೆ. ಅದಕ್ಕೆ ಕೊಳವೆಯಲ್ಲಿ ತಣ್ಣನೆ ಗಾಳಿ ಬಿಡ್ತಾ ಇರೋದು ನನ್ನ ಕೆಲಸ.”

“ಆ ಗಾಳಿ ನಿಮಗೂ ಬರ್ತದಾ?”

“ಎಲ್ಲಿಂದ ಬರುತ್ತೆ? ಇಂಜಿನ್ ನಿಂತ ಮೇಲೆ ನಾವು ಆ ಕಾವಲ್ಲೇ ಬೇಯ್ತಾ ಕೆಲಸ ಮಾಡ್ತೀವಿ.”

“ಹಂಗಾದ್ರೆ ನಿಮಗೆ ಅಭ್ಯಾಸ ಅದೆ ಬಿಡಿ,” ಎಂದು ಅತ್ತೆ ನೆಮ್ಮದಿಯಾಗಿ ಎದ್ದುಹೋದರು. ಫ್ಯಾನಿನ ಆಸೆ ಅಲ್ಲಿಗೆ ಮುಗಿಯಿತು.

ನನ್ನ ನಾಲಗೆಯನ್ನು ನಾನೇ ಬೈದುಕೊಳ್ಳುತ್ತ ಚಾಪೆಯನ್ನು ಹುಳುಗಳ ಕೋಣೆಯ ಬಾಗಿಲಿಗೆ ಎಳೆದುಕೊಂಡೆ. ಕೆಳಗಿನ ಸಂದಿಯಿಂದ ಒಂದಿಷ್ಟು ತಂಪು ಸೋರುತ್ತಿತ್ತು. ಸಂದಿಗೆ ಮುಖ ಕೊಟ್ಟು ಮಲಗಿದೆ. ಇನ್ನೇನು ನಿದ್ದೆ ಹತ್ತಬೇಕು, ಬೆನ್ನ ಹಿಂದೆ ಅತ್ತೆಯ ದನಿ ಕೇಳಿಸಿತು.

“ಮಲಗಿ, ಪರವಾಗಿಲ್ಲ. ಮುಖ ಮಾತ್ರ ಈ ಕಡೆ ತಿರುಗಿಸ್ಕೊಳ್ಳಿ. ನಿಮ್ಮ ಉಸಿರಿಗೆ ಹುಳಕ್ಕೆ ಸೆಕೆ ಆಗ್ತದೆ.”